ಕಾಲು ಮುಂದಾಗಿ ಹುಟ್ಟಿದವಳು

ನಾನು ಕಾಲು ಮುಂದಾಗಿ ಹುಟ್ಟಿದವಳು. ತಲೆ ಮೊದಲು ಬರಬೇಕಾಗಿತ್ತಂತೆ, ಬರಲಿಲ್ಲ. ಸೂಲಗಿತ್ತಿ ನನ್ನ ಪಾದ ಹಿಡಿದು ಎಳೆದಳು. ಅವ್ವ ಸಾಯಲಿಲ್ಲ. ನಾನೂ ಸಾಯಲಿಲ್ಲ. ಅಂದಿನಿಂದ ಊರಿಗೆ ನನ್ನ ಕಾಲು ಬೇಕು.

ನಮ್ಮ ಕಡೆ ಬೆನ್ನಿಗೆ ಚಳಕು ಹಿಡಿದರೆ, ಟೊಂಕ ಹಿಡಿದರೆ, ನನ್ನಂಥವರಿಂದ ತುಳಿಸಿಕೊಳ್ಳುತ್ತಾರೆ. ಆದಿತ್ಯವಾರ ಇಲ್ಲವೇ ಗುರುವಾರ, ಉಣ್ಣುವ ಮೊದಲು, ಬೇನೆ ಇದ್ದವರು ಬೋರಲು ಮಲಗಬೇಕು. ನಾನು ಬಲಗಾಲಿನ ಹಿಮ್ಮಡಿಯನ್ನು ಬೆನ್ನಿಗೆ ಒತ್ತಬೇಕು. ಮೂರು ಸಲ ತುಳಿಸಿಕೊಂಡರೆ ಬೇನೆ ಬಿಟ್ಟುಹೋಗುತ್ತದೆ ಅಂತ ನಂಬಿಕೆ. ನಾನೂ ನಂಬಿದ್ದೆ. ಲಂಗ ಉಡುವ ವಯಸ್ಸಿನಿಂದ ತುಳಿಯುತ್ತಿದ್ದೇನೆ. ಮೇಲಿನ ಓಣಿಯ ದೊಡ್ಡ ದೊಡ್ಡ ಮೀಸೆಗಳು ನನ್ನ ಕಾಲ ಕೆಳಗೆ ಮಲಗಿ ಎದ್ದು ಹೋಗಿವೆ.

ಇದನ್ನು ಕೇಳಿ ಭೇಷ್ ಅನ್ನಬೇಡಿ. ಎದ್ದ ಕೂಡಲೇ ಅವರು ಜಳಕ ಮಾಡುತ್ತಾರೆ. ತುಳಿಯುವ ಮೊದಲು ನನ್ನ ಕಾಲಿಗೆ ದೂರದಿಂದ ನೀರು ಸುರಿಯುತ್ತಾರೆ. ತುಳಿದ ಮೇಲೆ ಜೋಳವನ್ನು ಎತ್ತರದಿಂದ ನನ್ನ ಸೆರಗಿಗೆ ಬಿಡುತ್ತಾರೆ. ಕೈಗೆ ಕೈ ತಾಗಬಾರದು. ಹೊಸ್ತಿಲು ದಾಟಬಾರದು. ತುಳಿಯುವುದೆಲ್ಲ ಹಿತ್ತಲಿನ ದನದ ಕೊಟ್ಟಿಗೆಯಲ್ಲಿ. ನನ್ನ, ಅಂದರೆ ಕರೆವ್ವನ, ಹಿಮ್ಮಡಿ ಮಾತ್ರ ಅವರಿಗೆ ನಡೆಯುತ್ತದೆ. ಮಿಕ್ಕ ಕರೆವ್ವ ಮೈಲಿಗೆ.

ನಮ್ಮೂರು ಉಗರಗೋಳದ ಆಚೆಗೆ. ಬಸಲಿಂಗಪ್ಪನದು ಅಲ್ಲಿ ದೊಡ್ಡ ಒಕ್ಕಲುತನ. ಎದುರಿಗೆ ಸಿಕ್ಕರೆ ಧಣ್ಯಾರ ಅನ್ನುತ್ತೇನೆ. ಇಲ್ಲಿ ಬಸಲಿಂಗಪ್ಪ ಅಂತಲೇ ಹೇಳುತ್ತೇನೆ, ಹೇಳುತ್ತಿರುವವಳು ನಾನು. ನನ್ನ ಗಂಡ ಸತ್ತ ಮೇಲೆ ಬಸಲಿಂಗಪ್ಪನ ಹತ್ತಿ ಹೊಲವೇ ನನ್ನ ಹೊಟ್ಟೆ. ಕಳೆ ತೆಗೆಯುತ್ತೇನೆ, ಹತ್ತಿ ಬಿಡಿಸುತ್ತೇನೆ, ಗಂಟು ಹೊರುತ್ತೇನೆ. ಅವನ ಒಬ್ಬಳೇ ಮಗಳು ಶೀತಲ. ತೊರಗಲ್ಲಿನ ಗೌರೀಶನಿಗೆ ಕೊಟ್ಟಿದ್ದರು. ಚೊಚ್ಚಿಲು ಹೆರಿಗೆಗೆ ತವರಿಗೆ ಬಂದವಳು ಹಡೆದು ಎರಡು ತಿಂಗಳಾಗಿತ್ತು.

ಒಂದು ಆದಿತ್ಯವಾರ ಅವರ ಟ್ರ್ಯಾಕ್ಟರ್ ಹೊಡೆಯುವ ಬಾಳೇಶ ಕೇರಿಗೆ ಬಂದ. ಬಾಣಂತಿಗೆ ಬೆನ್ನು ಹಿಡಿದಿದೆ, ಅವ್ವಾರು ಕರೆಯುತ್ತಾರೆ ಅಂದ. ನಾನು ಹೋದೆ. ಬಾಣಂತಿಯ ತಾಯಿ ಗುರವ್ವ ಚೊಂಬಿನಿಂದ ನನ್ನ ಕಾಲಿಗೆ ನೀರು ಸುರಿದಳು.

ಆಮೇಲೆ ಒಳಗಿನಿಂದ ಶೀತಲಳನ್ನು ನಡೆಸಿಕೊಂಡು ಬಂದಳು. ಗೋಡೆ ಹಿಡಿದು, ತಾಯಿಯ ಹೆಗಲು ಹಿಡಿದು, ಹುಡುಗಿ ಒಂದೊಂದೇ ಹೆಜ್ಜೆ ಇಟ್ಟಳು. ಕಿವಿಗೆ ಬಿಗಿಯಾಗಿ ಬಟ್ಟೆ ಕಟ್ಟಿದ್ದರು. ಮೈಯೆಲ್ಲ ಲೋಬಾನದ ಹೊಗೆ, ಸಗಣಿ ಕುಳ್ಳಿನ ಹೊಗೆ. ಎರಡು ತಿಂಗಳು ಬೆಳಕು ಕಾಣದ ಮುಖ ಸೋರೆಕಾಯಿಯಂತೆ ಬೆಳ್ಳಗಾಗಿತ್ತು. ಲಗ್ನದಲ್ಲಿ ನೋಡಿದ್ದೆ, ತಾಯಿಗಿಂತ ಎತ್ತರದ ಹುಡುಗಿ. ಈಗ ತಾಯಿಯ ಸಮಕ್ಕೆ ಬಂದಿದ್ದಳು. ನೋವಿಗೆ ಬಗ್ಗಿದ್ದಾಳೆ ಅಂದುಕೊಂಡೆ.

"ಎಲ್ಲಿ ಹಿಡದೈತ್ರಿ ಅಕ್ಕಾರ?" ಅಂತ ಕೇಳಿದೆ.

"ಎಲ್ಲಿ ಅಂತ ಹೇಳ್ಲಿ ಕರೆವ್ವ. ಕೂಸಿನ ಎತ್ತಾಕ ಬಗ್ಗಿದ್ರ ಜೀವ ಹೋದಂಗ ಆಗತೈತಿ. ಜೋರ ಉಸರ ತಗೊಂಡ್ರೂ ಹಿಡಿತೈತಿ. ಏಳು ತಿಂಗಳ ಬಸರಿದ್ದಾಗ ಚಾಲೂ ಆತು, ತೊರಗಲ್ಲಾಗ. ನೀರಿನ ಕೊಡ ಎತ್ತಿದೆ, ಬೆನ್ನಾಗ ಕಟ್ ಅಂತು."

"ಬಸರಿದ್ದಾಗ ಯಾರಿಗೆ ಟೊಂಕ ಹಿಡಿಯಂಗಿಲ್ಲ?" ಅಂದಳು ಗುರವ್ವ. "ನನಗ ಹಿಡದಿದ್ದಿಲ್ಲೇನು? ನಾ ಏನ್ ಸತ್ತೇನಿ? ಬೆನ್ನಾಗ ವಾಯು ಹೊಕ್ಕೈತಿ, ಅಷ್ಟ. ಕರೆವ್ವ, ಬಿಗಿ ತುಳಿ."

ಹೀಗೆ ಹೇಳಿದ ಗುರವ್ವನ ಬೆನ್ನು ಗೂನು. ಐವತ್ತು ದಾಟಿಲ್ಲ, ನೆಲ ನೋಡುತ್ತ ನಡೆಯುತ್ತಾಳೆ.

ಗೋಣಿತಟ್ಟಿನ ಮೇಲೆ ಬೋರಲು ಮಲಗಲು ಶೀತಲಳಿಗೆ ಬಹಳ ಹೊತ್ತು ಹಿಡಿಯಿತು. ಮೊದಲು ಮೊಣಕಾಲು ಊರಿದಳು, ಆಮೇಲೆ ಕೈ. ಬಾಯಿಗೆ ಸೆರಗು ತುರುಕಿಕೊಂಡಳು. ನಾನು ಹಿಮ್ಮಡಿ ಇಟ್ಟೆ. ಮೆಲ್ಲಗೆ ಒತ್ತಿದೆ.

"ಅದೇನ ತುಳಿಯೂದು, ಕೋಳಿ ತುಳದಂಗ? ಭಾರ ಹಾಕು," ಅಂದಳು ಗುರವ್ವ.

ಭಾರ ಹಾಕಿದೆ.

ಕಾಲ ಕೆಳಗೆ ಏನೋ ಕುಸಿಯಿತು. ಒಣಗಿದ ಕಟಕ್ ರೊಟ್ಟಿಯನ್ನು ಅರಿವೆಯಲ್ಲಿ ಸುತ್ತಿ ಒತ್ತಿದರೆ ಒಳಗೇ ಮುರಿಯುತ್ತದಲ್ಲ, ಹಾಗೆ. ಸದ್ದು ಯಾರಿಗೂ ಕೇಳಿಸಲಿಲ್ಲ. ನನ್ನ ಹಿಮ್ಮಡಿಗೆ ಮಾತ್ರ ಗೊತ್ತಾಯಿತು. ಶೀತಲ ಕೂಗಲಿಲ್ಲ. ಅವಳ ಉಸಿರು ನಿಂತಿತು, ಆಮೇಲೆ ಹೋ ಅಂತ ಒಂದೇ ಸಲಕ್ಕೆ ಹೊರಗೆ ಬಂತು.

"ವಾಯು ಬಿಡ್ತು ನೋಡು," ಅಂದಳು ಗುರವ್ವ. ಖುಷಿಯಾಗಿದ್ದಳು. ಒಳಗೆ ಹೋಗಿ ಜೋಳ ತಂದು ನನ್ನ ಸೆರಗಿಗೆ ಬಿಟ್ಟಳು.

ನಾನು ಓಡುತ್ತ ಮನೆಗೆ ಬಂದೆ. ಬಾಗಿಲು ಹಾಕಿಕೊಂಡು ಕೂತೆ. ಇಷ್ಟು ವರ್ಷ ತುಳಿದ ಕಾಲಿಗೆ ಮೈ ಅಂದರೆ ಏನು ಅಂತ ಗೊತ್ತಿತ್ತು. ಮೈ ಮೆತ್ತಗಿರುತ್ತದೆ, ಬಿಗಿ ಇರುತ್ತದೆ, ನೆಟಿಗೆ ಮುರಿಯುತ್ತದೆ. ಇದು ನೆಟಿಗೆ ಅಲ್ಲ. ಎಲುಬು. ಹುಡುಗಿಯ ಬೆನ್ನೆಲುಬು ನನ್ನ ಕಾಲ ಕೆಳಗೆ ಮುರಿದಿತ್ತು.

ಹೇಳಲೋ ಬೇಡವೋ? ಹೇಳಿದರೆ ಕೇರಿಯವಳು ಧಣಿಯ ಮಗಳ ಬೆನ್ನು ಮುರಿದಳು ಅಂತ ಆಗುತ್ತದೆ. ಕರೆಸಿದವರು ಯಾರು, ಭಾರ ಹಾಕು ಅಂದವರು ಯಾರು, ಅದನ್ನು ಯಾರು ಕೇಳುತ್ತಾರೆ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಪೊಲೀಸರು ಬರುತ್ತಾರೆ. ಕೂಲಿ ಹೋಗುತ್ತದೆ. ಕೇರಿಯ ಮಂದಿಯೂ ನನ್ನಿಂದ ಕೆಟ್ಟೆವು ಅನ್ನುತ್ತಾರೆ. ಹೇಳದಿದ್ದರೆ ಗುರುವಾರ ಮತ್ತೆ ಕರೆಯುತ್ತಾರೆ. ಮತ್ತೆ ಅದೇ ಬೆನ್ನು, ಅದೇ ಹಿಮ್ಮಡಿ. ಉಣ್ಣಲು ಕೂತರೆ ರೊಟ್ಟಿ ಮುರಿಯಲು ಕೈ ಬರಲಿಲ್ಲ.

ಗುರುವಾರ ಬಾಳೇಶ ಬಂದ. ಕಾಲಿಗೆ ಮುಳ್ಳು ಚುಚ್ಚಿ ಬಾತಿದೆ, ಬರಲಾರೆ ಅಂದೆ.

"ಅಕ್ಕಾರು ಹ್ಯಾಂಗ ಅದಾರ?" ಅಂತ ಕೇಳಿದೆ.

"ಎಲ್ಲಿ ಹ್ಯಾಂಗ? ಎದ್ದ ಕುಂದರಾಕ ಆಗವಲ್ದು," ಅಂದ. "ಮೂರ ಸಲಾ ತುಳಿಲಿಲ್ಲಂದ್ರ ಬ್ಯಾನಿ ಹೊಳ್ಳಿ ಒಳಗ ಹೋಗತೈತಂತ. ಅವ್ವಾರು ಗಾಬರಿ ಆಗ್ಯಾರ. ಲಗೂನ ಕಾಲ ನೆಟ್ಟಗ ಮಾಡ್ಕೊ."

ಆದಿತ್ಯವಾರ ಬಸಲಿಂಗಪ್ಪನೇ ಬಂದ. ಕೇರಿಯ ಒಳಗೆ ಬರಲಿಲ್ಲ, ಬೇವಿನ ಗಿಡದ ಹತ್ತಿರ ನಿಂತು ಕೂಗಿದ. ನಾನು ಹೋಗಿ ನಿಂತೆ.

"ಮುಳ್ಳ ಯಾವ ಕಾಲಿಗೆ ಚುಚ್ಚೇತಿ?"

"ಬಲಗಾಲಿಗ್ರಿ."

"ತೋರಸು."

ಕೇರಿಯ ಹೆಂಗಸರು, ಹುಡುಗರು, ಮುದುಕರು ಎಲ್ಲ ನೋಡುತ್ತಿದ್ದರು. ನಾನು ಬೇವಿನ ಗಿಡ ಹಿಡಿದು, ಲಾಳ ಕಟ್ಟಿಸಿಕೊಳ್ಳುವ ಎತ್ತಿನ ಹಾಗೆ ಕಾಲು ಎತ್ತಿ ಅಂಗಾಲು ತೋರಿಸಿದೆ. ಅವನು ಬಗ್ಗಿ ನೋಡಿದ. ಮುಳ್ಳು ಇರಲಿಲ್ಲ, ಬಾವು ಇರಲಿಲ್ಲ. ಒಡೆದ ಹಿಮ್ಮಡಿ ಇತ್ತು, ಅದು ಅವನ ಹೊಲದ್ದು.

"ಸುಳ್ಳ ಹೇಳಾಕ ಕಲತಿ," ಅಂದ. "ನಡಿ ಮುಂದ."

ನಡೆದೆ. ಬಡವನ ಕೋಪ ದವಡೆಗೆ ಮೂಲ ಅಂತ ನಮ್ಮಪ್ಪ ಹೇಳುತ್ತಿದ್ದ. ಹಲ್ಲು ಕಚ್ಚಿಕೊಂಡು ನಡೆದೆ.

ಕೊಟ್ಟಿಗೆಯಲ್ಲಿ ಶೀತಲಳನ್ನು ಆಗಲೇ ಗೋಣಿತಟ್ಟಿನ ಮೇಲೆ ಬೋರಲು ಮಲಗಿಸಿದ್ದರು. ಈ ಸಲ ಅವಳು ನಡೆದು ಬಂದಿರಲಿಲ್ಲ. ಬಾಳೇಶ ಇನ್ನೊಬ್ಬ ಆಳಿನ ಜೊತೆ ಹೊರಸು ಸಮೇತ ಎತ್ತಿಕೊಂಡು ಬಂದು ಹೊರಗೆ ಹೋಗಿ ನಿಂತಿದ್ದ. ಗುರವ್ವ ಚೊಂಬು ತರಲು ಒಳಗೆ ಹೋದಳು. ನಾನು ಹುಡುಗಿಯ ಹತ್ತಿರ ಕುಕ್ಕರಗಾಲಲ್ಲಿ ಕೂತೆ. ಅವಳು ತಲೆ ಹೊರಳಿಸಿ ಒಂದು ಕಣ್ಣಿನಿಂದ ನನ್ನನ್ನು ನೋಡಿದಳು.

"ಕರೆವ್ವ, ತುಳಿಬ್ಯಾಡ," ಅಂದಳು. ದನಿ ಗಂಟಲಲ್ಲೇ ಇತ್ತು. "ನನ್ನ ಕಾಲ ಜೋಮ ಹಿಡದಾವು. ನಿನ್ನೆಯಿಂದ ನೆಲ ಮುಟ್ಟಿದ್ದ ತಿಳಿವಲ್ದು. ನಾ ಹೇಳಿದ್ರ ಯಾರೂ ಕೇಳವಲ್ರು. ಬಾಣಂತಿ ಸೊಕ್ಕ ಅಂತಾರ. ನನಗ ಭಾಳ ಅಂಜಿಕಿ ಆಗೇತಿ. ಹಿಂಗ ಬಿದ್ದ ಹೋದ್ರ ನನ್ನ ಕೂಸಿನ ಯಾರ ನೋಡ್ತಾರ?"

ಗುರವ್ವ ಬಂದು ನೀರು ಸುರಿದಳು. ಬಸಲಿಂಗಪ್ಪ ಬಾಗಿಲಲ್ಲಿ ನಿಂತ. ಇಬ್ಬರೂ ನನ್ನ ಕಾಲು ನೋಡುತ್ತಿದ್ದರು.

"ನಾ ತುಳಿಯಂಗಿಲ್ಲರಿ," ಅಂದೆ.

"ಏನಂದಿ?"

"ತುಳಿಯಂಗಿಲ್ಲ."

"ಯಾರ ಹೊಲದಾಗ ಉಣ್ಣಾಕತ್ತಿ ನೀ?" ಅಂದ ಬಸಲಿಂಗಪ್ಪ.

"ನಿಮ್ಮ ಹೊಲದಾಗ ದುಡಿಯಾಕತ್ತೇನ್ರಿ. ದುಡದ ಉಣ್ಣಾಕತ್ತೇನಿ."

ಇಂಥ ಮಾತು ನನ್ನ ಬಾಯಿಂದ ಹಿಂದೆ ಬಂದಿರಲಿಲ್ಲ. ಆದರೂ ನಿಲ್ಲಲಿಲ್ಲ. ನಿಂತರೆ ಮತ್ತೆ ಹೇಳಲು ಆಗುತ್ತಿರಲಿಲ್ಲ.

"ಆವತ್ತ ಇಕಿ ಬೆನ್ನೆಲಬು ಮುರದೈತ್ರಿ. ನನ್ನ ಹಿಮ್ಮಡಿಗೆ ತಿಳದೈತಿ. ಹೇಳಾಕ ಅಂಜಿ ಮನ್ಯಾಗ ಕುಂತಿದ್ದೆ. ಇನ್ನೊಮ್ಮೆ ತುಳದ್ರ ಇಕಿ ಏಳಂಗಿಲ್ಲ. ದವಾಖಾನಿಗೆ ಒಯ್ರಿ."

ಬಸಲಿಂಗಪ್ಪ ಗೂಟಕ್ಕೆ ತೂಗುಹಾಕಿದ್ದ ಬಾರಕೋಲು ತೆಗೆದ. ನಾನು ನೆಲಕ್ಕೆ ಕೂತುಬಿಟ್ಟೆ. ಹುಡುಗಿಯ ಬೆನ್ನಿಗೂ ಅವನಿಗೂ ನಡುವೆ ಕೂತೆ. ಏಟು ನನ್ನ ಹೆಗಲ ಮೇಲೆ ಬಿತ್ತು. ಬೆಂಕಿ ಬಿದ್ದ ಹಾಗಾಯಿತು. ಏಳಲಿಲ್ಲ. ಎದ್ದರೆ ಕಾಲು ಇರುತ್ತದೆ, ಕಾಲು ಇದ್ದರೆ ತುಳಿ ಅನ್ನುತ್ತಾರೆ.

"ಅವ್ವಾರ, ಅಕ್ಕಾರ ಕಾಲ ಚೂಟಿ ನೋಡ್ರಿ," ಅಂತ ಕೂಗಿದೆ. "ನನ್ನ ಮಾತ ನಂಬಬ್ಯಾಡ್ರಿ. ಚೂಟಿ ನೋಡ್ರಿ."

ಗುರವ್ವ ಬಗ್ಗಿದಳು. ಮಗಳ ಅಂಗಾಲನ್ನು ಉಗುರಿನಿಂದ ಚೂಟಿದಳು. ಶೀತಲ ಅಲುಗಲಿಲ್ಲ. ಇನ್ನೊಮ್ಮೆ ಚೂಟಿದಳು, ಚರ್ಮ ಕೆಂಪಾಗುವ ಹಾಗೆ. ಹುಡುಗಿ ಗೋಡೆಯನ್ನೇ ನೋಡುತ್ತಿದ್ದಳು.

"ಚೂಟಿದೇನವ್ವ?" ಅಂತ ಕೇಳಿದಳು.

ಗುರವ್ವನ ಕೈಯಿಂದ ಚೊಂಬು ಬಿತ್ತು. "ಗಾಡಿ ತಗೀರಿ," ಅಂದಳು ಗಂಡನಿಗೆ. "ಬಾರಕೋಲ ಒಗದ ಗಾಡಿ ತಗೀರಿ."

ಧಾರವಾಡದ ಒಂದು ದವಾಖಾನೆಗೆ ಒಯ್ದರು. ಹೊರಸಿನ ಸಮೇತ ಹುಡುಗಿಯನ್ನು ಗಾಡಿಯಲ್ಲಿ ಮಲಗಿಸಿದರು, ಗುರವ್ವ ಕೂಸನ್ನು ಎತ್ತಿಕೊಂಡು ಹತ್ತಿದಳು. ನನ್ನನ್ನೂ ಹತ್ತಿಸಿದರು. ಪ್ರೀತಿಯಿಂದಲ್ಲ. "ಇಕಿ ಎಲ್ಲೂ ಹೋಗಬಾರದು, ನಾಳೆ ಕೇಳಿದವರಿಗೆ ತೋರಸಬೇಕು," ಅಂತ ಬಸಲಿಂಗಪ್ಪ ಬಾಳೇಶನಿಗೆ ಹೇಳಿದ್ದು ನನಗೆ ಕೇಳಿಸಿತು. ಹಿಂದಿನ ಮೂಲೆಯಲ್ಲಿ ಕೂತು ಬಂದೆ. ಗುಂಡಿ ಬಂದಾಗಲೆಲ್ಲ ಶೀತಲ ನರಳುತ್ತಿದ್ದಳು. ಪ್ರತಿ ನರಳಾಟಕ್ಕೂ ನಾನು ದೇವರ ಹೆಸರು ಹೇಳಿದೆ, ಗೊತ್ತಿದ್ದ ದೇವರೆಲ್ಲ ಮುಗಿದರು.

ಅಲ್ಲಿ ದೊಡ್ಡ ಯಂತ್ರದೊಳಗೆ ಹುಡುಗಿಯನ್ನು ತಳ್ಳಿ ಬೆನ್ನಿನ ಫೋಟೋ ತೆಗೆದರು. ಡಾಕ್ಟರ್ ಮೃಣಾಲಿನಿ ಅಂತ, ನಡುವಯಸ್ಸಿನ ಹೆಂಗಸು. ಫೋಟೋ ಬೆಳಕಿಗೆ ಹಿಡಿದು ನೋಡಿದಳು. ಅವಳು ಬಾಯಿ ತೆರೆಯುವ ಮೊದಲೇ ಬಸಲಿಂಗಪ್ಪ ನನ್ನ ಕಡೆ ಬೆರಳು ಮಾಡಿದ. "ಇಕಿನ ತುಳದಾಕ್ರಿ," ಅಂದ.

ನಾನು ಗೋಡೆಗೆ ಒರಗಿದೆ.

"ತುಳಸಿದವರು ಯಾರು?" ಅಂತ ಡಾಕ್ಟರ್ ಕೇಳಿದಳು. ಬಸಲಿಂಗಪ್ಪ ಬೆರಳು ಇಳಿಸಿದ.

"ಮೂರು ಎಲಬು ಕುಸದಾವ್ರಿ," ಅಂದಳು. "ಎರಡು ಹಳೇವು, ಹಡಿಯೂದಕ್ಕಿಂತ ಮೊದಲಿನವು ಇರಬೇಕು. ಒಂದು ಹೊಸಾದು. ಅದು ತುಳದಾಗ ಆಗಿರಬಹುದು. ಕೂಸಿನ ಎತ್ತಾಗ ಆಗಿದ್ರೂ ಆಗಿರಬಹುದು. ಎಲಬು ಎಷ್ಟು ಸಣ್ಣ ಆಗ್ಯಾವು ಅಂದ್ರ ಜೋರ ಕೆಮ್ಮಿದ್ರೂ ಕುಸೀತಿದ್ವು. ನರದ ಮ್ಯಾಲ ಒತ್ತ ಬಿದ್ದೈತಿ. ಕಾಲು ಹೊಳ್ಳಿ ಬರತಾವು ಅಂತ ನನಗ ಭರವಸಾ ಐತಿ. ಇನ್ನೊಮ್ಮೆ ತುಳಸಿದ್ರ ನಾ ಈ ಮಾತ ಹೇಳತಿದ್ದಿಲ್ಲ."

"ಇಷ್ಟ ಸಣ್ಣ ವಯಸ್ಸಿಗೆ ಎಲಬು ಹ್ಯಾಂಗ ಸಣ್ಣ ಆಗತಾವ್ರಿ?" ಅಂದಳು ಗುರವ್ವ.

"ಹೊಟ್ಯಾಗಿನ ಕೂಸಿಗೂ ಎಲಬು ಬೆಳಿಬೇಕಲ್ರಿ ಅವ್ವ. ತಾಯಿ ತಿನ್ನೂದು ಸಾಲಲಿಲ್ಲಂದ್ರ ತಾಯಿ ಎಲಬಿನಿಂದ ಹೋಗತೈತಿ. ಆಮ್ಯಾಲ ಮೊಲಿಹಾಲಿನಾಗ ಹೋಗತೈತಿ. ಭಾಳ ಮಂದಿಗೆ ಹೊಳ್ಳಿ ತುಂಬಿ ಬರತೈತಿ. ಒಬ್ಬೊಬ್ಬರಿಗೆ ಹಿಂಗ ಮುರೀತಾವು. ಇವರಿಗೆ ಯಾಕ, ಇನ್ನೊಬ್ಬರಿಗೆ ಯಾಕಿಲ್ಲ ಅಂದ್ರ ನಮಗೂ ಪೂರಾ ಗೊತ್ತಿಲ್ಲ. ಬಾಣಂತಿಗೆ ಹಾಲು ಮೊಸರು ಕೊಟ್ಟೀರೇನು?"

"ಥಂಡಿ ಆಗತೈತಿ ಅಂತ ಕೊಟ್ಟಿಲ್ರಿ."

"ಬಿಸಲಿಗೆ ಕೂಡಿಸೀರೇನು?"

"ಗಾಳಿ ಹತ್ತತೈತಿ ಅಂತ ಹೊರಗ ಬಿಟ್ಟಿಲ್ರಿ."

ಡಾಕ್ಟರ್ ಬೈಯಲಿಲ್ಲ. ಇಂಥ ಉತ್ತರ ಅವಳಿಗೆ ಹೊಸದಲ್ಲ ಅಂತ ಕಾಣಿಸುತ್ತದೆ. ಬೆನ್ನಿಗೆ ಪಟ್ಟಿ ಹಾಕಬೇಕು, ಔಷಧ ಕೊಡಬೇಕು, ಮೊಲೆಹಾಲು ಬಿಡಿಸಿ ಕೂಸಿಗೆ ಬೇರೆ ಹಾಲು ಹಾಕಬೇಕು ಅಂದಳು. "ಭಾರ ಎತ್ತಂಗಿಲ್ಲ. ಕೊಡ, ಬುಟ್ಟಿ, ಕೂಸು, ಏನೂ ಎತ್ತಂಗಿಲ್ಲ. ಇನ್ನೊಂದು ಬಸರ ಈಗ ಬ್ಯಾಡ. ಹಿಂಗ ಜ್ವಾಪಾನ ಮಾಡಿದ್ರ ಎಲಬು ಗಟ್ಟಿ ಆಗತಾವು. ಇಲ್ಲಂದ್ರ ಮತ್ತ ಮುರೀತಾವು. ಇಕಿ ಗಂಡನಿಗೆ, ಅತ್ತಿ ಮನಿಯವರಿಗೆ ಇದನ್ನ ತಿಳಿಸಿ ಹೇಳ್ರಿ."

ಗುರವ್ವನ ಕೈ ತನ್ನಷ್ಟಕ್ಕೆ ತಾನೇ ಹಿಂದೆ ಹೋಗಿ ತನ್ನ ಗೂನು ಬೆನ್ನನ್ನು ಮುಟ್ಟಿತು. ನಾನು ನೋಡಿದೆ.

ನನ್ನ ಹೊಟ್ಟೆ ಉರಿಯಿತು. ನಾನು ಮೂರು ಹಡೆದವಳು. ನನಗೆ ಕತ್ತಲ ಕೋಣೆಯೂ ಇರಲಿಲ್ಲ, ಹಾಲೂ ಇರಲಿಲ್ಲ. ಕೂಸನ್ನು ಹೊಲದ ಬದುವಿನಲ್ಲಿ ಸೀರೆ ಜೋಲಿಗೆ ಹಾಕಿ ಹಸಿ ಮೈಯಲ್ಲಿ ಹತ್ತಿ ಗಂಟು ಹೊತ್ತೆ. ನಮ್ಮ ಕೇರಿಯಲ್ಲಿ ಎಷ್ಟು ಹೆಂಗಸರು ನಲವತ್ತಕ್ಕೆ ಬಗ್ಗಿ ಹೋಗಿದ್ದಾರೆ. ಕಳೆ ತೆಗೆದು ತೆಗೆದು ಹಾಗಾಯಿತು ಅಂತ ನಾವೇ ಹೇಳಿಕೊಂಡು ನಗುತ್ತೇವೆ. ಆ ಬೆನ್ನುಗಳನ್ನು ಯಾವ ಯಂತ್ರದೊಳಗೆ ಯಾರು ತಳ್ಳಿದ್ದಾರೆ? ಅವರು ಬಂದು ನನ್ನ ಕಾಲ ಕೆಳಗೇ ಮಲಗುತ್ತಾರೆ. ನಾನು ತುಳಿಯುತ್ತೇನೆ. ಅವರ ಹಣೆಬರಹಕ್ಕೆ ನನ್ನ ಹಿಮ್ಮಡಿಯೇ ಡಾಕ್ಟರ್.

ಶೀತಲಳನ್ನು ವಾರ್ಡಿನಲ್ಲಿ ಮಲಗಿಸಿದ ಮೇಲೆ ಬಸಲಿಂಗಪ್ಪ ನನ್ನನ್ನು ಮೆಟ್ಟಿಲ ಹತ್ತಿರ ಕರೆದ. ಗುರವ್ವನೂ ಬಂದಳು. ಅವನ ದನಿ ಬದಲಾಗಿತ್ತು. ಅದೇ ನನಗೆ ಬಾರಕೋಲಿಗಿಂತ ಹೆಚ್ಚು ಹೆದರಿಕೆ ತಂದಿತು.

"ಕರೆವ್ವ, ಅಳಿಯ ಗೌರೀಶ ಬರಾಕತ್ತಾನ," ಅಂದ. "ನೀ ಒಂದ ಮಾತ ಹೇಳಬೇಕು. ನನ್ನ ಕಾಲಾಗ ಮುರೀತು, ನಂದ ತಪ್ಪು, ಅನ್ನು."

"ಡಾಕ್ಟರು ಬ್ಯಾರೆ ಹೇಳ್ಯಾರಲ್ರಿ. ಎರಡು ಮೊದಲ ಮುರದಾವಂತ."

"ಅದ ಬ್ಯಾಡ ಅಂತ ಹೇಳಾಕತ್ತೇನಿ. ತುಳದ ಮುರೀತು ಅಂದ್ರ ಕೂಡತೈತಿ, ಮುಗೀತು. ಹುಡುಗಿ ಎಲಬ ಮೊದಲ ಸಣ್ಣ ಅಂದ್ರ ಮುರಕ ಹೆಣ್ಣ ಕೊಟ್ರಿ ಅಂತಾರ. ಬಿಟ್ಟು ಬಿಡತಾರ. ಇನ್ನೊಂದ ಮದಿವಿ ಮಾಡ್ಕೋತಾರ. ನೀ ಒಪ್ಪಕೊ. ಕೇಸ್ ಆಗದಂಗ ನಾ ನೋಡ್ಕೋತೇನಿ. ಒಪ್ಪಲಿಲ್ಲಂದ್ರ ಕಂಪ್ಲೇಂಟ್ ಬರಿಯೂದು ನನಗೂ ಗೊತ್ತೈತಿ. ತುಳದದ್ದು ಸುಳ್ಳಲ್ಲಲ್ಲ?"

ಗುರವ್ವ ನನ್ನ ಕೈ ಹಿಡಿದಳು. ಹೌದು, ಕೈ. "ನಿನಗೂ ಹೆಣ್ಣಮಕ್ಕಳದಾವ ಕರೆವ್ವ," ಅಂದಳು. "ನನ್ನ ಮಗಳ ಸಂಸಾರ ನಿನ್ನ ಬಾಯಾಗೈತಿ." ಅಳುತ್ತಿದ್ದಳು. ಕಳ್ಳ ಅಳು ಅಲ್ಲ.

ನಾನು ಹೂಂ ಅನ್ನುವುದರಲ್ಲಿದ್ದೆ. ಸುಳ್ಳು ಹೇಳುವುದಿಲ್ಲ. ಹೇಗೂ ನನ್ನ ಮೇಲೆಯೇ ಬರುತ್ತದೆ. ಒಪ್ಪಿಕೊಂಡರೆ ಕೂಲಿ ಉಳಿಯುತ್ತದೆ, ಹುಡುಗಿಯ ಮನೆ ಉಳಿಯುತ್ತದೆ. ಒಂದು ಮಾತು. ಜೀವಮಾನವೆಲ್ಲ ತಲೆ ತಗ್ಗಿಸಿದವಳಿಗೆ ಇನ್ನೊಂದು ಸಲ ತಗ್ಗಿಸುವುದು ಯಾವ ದೊಡ್ಡದು?

ಆಮೇಲೆ ಒಂದು ಹೆದರಿಕೆ ಬಂತು. ಅದು ನನ್ನ ಬಗ್ಗೆ ಅಲ್ಲ. ನಾನು ಒಪ್ಪಿಕೊಂಡರೆ ಈ ಹುಡುಗಿಯ ಎಲುಬು ಗಟ್ಟಿ ಅಂತ ಆಗುತ್ತದೆ. ಕೇರಿಯವಳೊಬ್ಬಳು ತುಳಿದಳು, ಮುರಿಯಿತು, ಕೂಡಿತು, ಮುಗಿಯಿತು. ಬೆನ್ನಿನ ಪಟ್ಟಿ ಬಿಚ್ಚಿದ ಮರುದಿನ ತೊರಗಲ್ಲಿನಲ್ಲಿ ಅವಳ ಟೊಂಕಕ್ಕೆ ಕೊಡ ಬರುತ್ತದೆ. ವರ್ಷ ತುಂಬುವುದರೊಳಗೆ ಹೊಟ್ಟೆಗೆ ಇನ್ನೊಂದು ಬರುತ್ತದೆ. ಮತ್ತೆ ಮುರಿಯುತ್ತದೆ. ಆಗ ತುಳಿಯಲು ನಾನು ಇರುವುದಿಲ್ಲ, ಬೈಯಲು ಯಾರೂ ಸಿಗುವುದಿಲ್ಲ, ಅವಳನ್ನೇ ಬೈಯುತ್ತಾರೆ.

ಗುರವ್ವನ ಕೈಯಿಂದ ನನ್ನ ಕೈ ಬಿಡಿಸಿಕೊಂಡೆ.

ಗೌರೀಶ ಸಂಜೆಗೆ ಮೊದಲೇ ಬಂದ. ಇಸ್ತ್ರಿ ಅಂಗಿ, ಕೈಯಲ್ಲಿ ಗಾಡಿಯ ಕೀಲಿ. ವಾರ್ಡಿನೊಳಗೆ ಬಂದವನು ಹೆಂಡತಿಯನ್ನು ನೋಡಿ ನಿಂತುಬಿಟ್ಟ. ಶೀತಲ ನೆಟ್ಟಗೆ ಮಲಗಿದ್ದಳು. ಮಗ್ಗುಲಿನ ಸಣ್ಣ ಮಂಚದಲ್ಲಿ ಕೂಸು ಮಲಗಿತ್ತು. ನಾನು ಬಾಗಿಲ ಹತ್ತಿರ ನೆಲಕ್ಕೆ ಕೂತಿದ್ದೆ.

"ಮಾವ ಫೋನಿನ್ಯಾಗ ಹೇಳ್ಯಾರ," ಅಂದ. "ಇಕಿನೇನು ತುಳದಾಕಿ?"

"ಕೇಳು ಇಕಿನ್ನ," ಅಂದ ಬಸಲಿಂಗಪ್ಪ. ನನ್ನ ಕಡೆ ನೋಡಿದ. ಆ ನೋಟದಲ್ಲಿ ಹೊಲ ಇತ್ತು, ಪೊಲೀಸರಿದ್ದರು, ಊರಿತ್ತು.

ನಾನು ಎದ್ದು ನಿಂತೆ. ಮಂಚದ ಕಂಬಿ ಹಿಡಿದುಕೊಂಡೆ.

"ಹೌದ್ರಿ, ನಾ ತುಳದೇನಿ," ಅಂದೆ. "ಇವರು ಕರಿಸಿದ್ರು, ಭಾರ ಹಾಕು ಅಂದ್ರು, ನಾ ಹಾಕಿದೆ. ಒಂದು ಎಲಬು ನನ್ನ ಕಾಲಾಗ ಮುರದಿರಬಹುದು. ಅದಕ್ಕ ಏನ್ ಶಿಕ್ಷಾ ಕೊಡ್ತೀರಿ ಕೊಡ್ರಿ. ಆದರ ಎರಡು ಎಲಬು ನಿಮ್ಮ ಮನ್ಯಾಗ ಮುರದಾವು. ಬಸರಿ ಹೆಂಗಸು ಕೊಡ ಎತ್ತಾಗ ಮುರದಾವು. ಅವನ್ನ ನಾ ಹೊರಂಗಿಲ್ಲ. ಇಕಿ ಎಲಬಿನಾಗಿಂದು ಹೋಗಿ ಆ ಕೂಸಿನ ಎಲಬು ಆಗೇತಿ ಅಂತ ಡಾಕ್ಟರು ಹೇಳ್ಯಾರ. ಇಕಿ ಭಾರ ಎತ್ತಿದ್ರ ಮತ್ತ ಮುರೀತಾವು. ಲಗೂನ ಹಡದ್ರ ಮತ್ತ ಮುರೀತಾವು. ನನ್ನ ಮಾತ ಬ್ಯಾಡ, ಹೋಗಿ ಡಾಕ್ಟರನ್ನ ಕೇಳ್ರಿ."

ಬಸಲಿಂಗಪ್ಪ ಮುಖ ತಿರುಗಿಸಿದ. ಗೌರೀಶನ ಕಿವಿ ಕೆಂಪಾದವು.

"ನಮ್ಮ ಮನ್ಯಾಗಿಂದು ನಿನಗೇನ ಗೊತ್ತು?" ಅಂದ. "ಯಾರ ಒಳಗ ಬಿಟ್ರು ಇಕಿನ್ನ? ಹೊರಗ ನಡಿ."

ನಾನು ಹೊರಡಲು ತಿರುಗಿದೆ. ಹೇಳುವುದನ್ನು ಹೇಳಿಯಾಗಿತ್ತು.

"ಆಕಿ ಯಾಕ ಹೋಗಬೇಕು," ಅಂದಳು ಶೀತಲ.

ಅವಳು ಸೂರನ್ನೇ ನೋಡುತ್ತಿದ್ದಳು. ಕುತ್ತಿಗೆ ಹೊರಳಿಸುವಂತಿರಲಿಲ್ಲ. "ಆಕಿ ಹೇಳಿದ್ದ ಖರೇ ಐತಿ. ಕೊಡ ಎತ್ತಾಗ ಬೆನ್ನಾಗ ಕಟ್ ಅಂತು ಅಂತ ಆವತ್ತ ನಿಮಗ ಹೇಳಿದ್ದೆ. ಎಲ್ಲಾರೂ ಹಡಿತಾರ, ನೀ ಒಬ್ಬಾಕಿ ಅಲ್ಲ ಅಂದ್ರಿ. ಮರುದಿನಾನೂ ನೀರ ತಂದೆ. ನೀವು ಮರತಿರಬಹುದು. ನನ್ನ ಬೆನ್ನು ಮರತಿಲ್ಲ."

"ಮಂದಿ ಮುಂದ ಈ ಮಾತ್ಯಾಕ ಈಗ?" ಅಂದ ಗೌರೀಶ.

"ಮಂದಿ ಇಲ್ಲದಾಗ ಹೇಳಿದ್ದೆ. ಕೇಳಲಿಲ್ಲ."

ಅಷ್ಟರಲ್ಲಿ ಕೂಸು ಎದ್ದು ಅಳತೊಡಗಿತು. ವಾರ್ಡಿನಲ್ಲಿದ್ದವರೆಲ್ಲ ಶೀತಲಳ ಕಡೆ ನೋಡಿದರು. ಗೌರೀಶನೂ ನೋಡಿದ. ರೂಢಿ. ಗುರವ್ವ ಕೂಸನ್ನು ಎತ್ತಿ ಮಗಳ ಎದೆಯ ಹತ್ತಿರ ತಂದಳು.

"ಒಲ್ಲೆವ್ವ," ಅಂದಳು ಶೀತಲ. ಕಣ್ಣಿಂದ ನೀರು ಕಿವಿಗೆ ಇಳಿಯುತ್ತಿತ್ತು. ದನಿ ಮಾತ್ರ ನೆಟ್ಟಗಿತ್ತು. "ನಾ ಎತ್ತಂಗಿಲ್ಲ. ಅವರ ಕೈಯಾಗ ಕೊಡು."

ಗುರವ್ವ ಗಂಡನ ಮುಖ ನೋಡಿದಳು. ಅಳಿಯನ ಮುಖ ನೋಡಿದಳು. ಕೂಸನ್ನು ಒಯ್ದು ಅಳಿಯನ ತೋಳಿಗೆ ಹಾಕಿದಳು.

ಗೌರೀಶ ಕೀಲಿಯನ್ನು ಎಲ್ಲಿಡಬೇಕೋ ತಿಳಿಯದೆ ಬಾಯಲ್ಲಿ ಕಚ್ಚಿಕೊಂಡ. ಕೂಸು ಇನ್ನೂ ಜೋರಾಗಿ ಅತ್ತಿತು. ಅವನು ಅದನ್ನು ಅತ್ತೆಯ ಕಡೆ ಚಾಚಿದ. ಗುರವ್ವ ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡಳು. ಮಾವನ ಕಡೆ ತಿರುಗಿದ. ಬಸಲಿಂಗಪ್ಪ ಕಿಟಕಿಯ ಹೊರಗೆ ನೋಡುತ್ತಿದ್ದ. ಕೊನೆಗೆ ನನ್ನ ಕಡೆ ನೋಡಿದ. ಈಗಷ್ಟೇ ಹೊರಗೆ ನಡಿ ಅಂದವನು, ಕೂಸನ್ನು ನನಗೆ ಕೊಡಲು ಒಂದು ಹೆಜ್ಜೆ ಮುಂದೆ ಬಂದ. ನಾನು ಕಂಬಿ ಬಿಡಲಿಲ್ಲ.

ಕೂಸು ಅಳುತ್ತಲೇ ಇತ್ತು. ಅವನು ವಾರ್ಡಿನ ನಡುವೆ ನಿಂತಿದ್ದ.

"ತಲಿ ಕೆಳಗ ಕೈ ಹಾಕ್ರಿ," ಅಂದಳು ಶೀತಲ, ಸೂರು ನೋಡುತ್ತಲೇ. "ಅದರ ಕುತಿಗಿ ಇನ್ನಾ ಗಟ್ಟಿ ಆಗಿಲ್ಲ."